ಅಪ್‌ಡೇಟ್: ದಿನಸಿ ಖರ್ಚು ಎಷ್ಟು ಇಳಿಯಿತು

ನಾಲ್ವರ ಮನೆಗೆ ತಿಂಗಳ ದಿನಸಿ, ತರಕಾರಿಗೇ 9,000 ರೂಪಾಯಿ ದಾಟುತ್ತಿದೆ, ಏನು ಮಾಡಲಿ ಎಂದು ಬೇಸಿಗೆಯಲ್ಲಿ ಕೇಳಿದ್ದೆ. ನಿಮ್ಮಲ್ಲಿ ಹಲವರು ಸೂಚಿಸಿದಂತೆ ಚೀಟಿ ಬರೆದುಕೊಂಡು, ತಿಂಗಳಿಗೊಮ್ಮೆ ಮಾತ್ರ ತೀರ್ಥಹಳ್ಳಿಯಿಂದ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗತೊಡಗಿದ ಮೇಲೆ, ಬಸ್ಸಿನ ಖರ್ಚು ಸೇರಿಸಿಯೂ ಆಗಸ್ಟ್ ತಿಂಗಳ ಲೆಕ್ಕ 7,200ಕ್ಕೆ ನಿಂತಿದೆ.

ಆದರೆ ಒಟ್ಟಿಗೆ ಕೊಂಡರೆ ಅಗ್ಗವೆಂಬ ಸಲಹೆ ನಮ್ಮ ಮಳೆಗಾಲಕ್ಕೆ ಒಗ್ಗಲಿಲ್ಲ. ಜೂನ್‌ನಲ್ಲಿ ತಂದ 10 ಕೆ.ಜಿ. ತೊಗರಿಬೇಳೆಗೆ ತಿಂಗಳೊಳಗೆ ಹುಳು ಹಿಡಿಯಿತು. ಬಿಸಿಲೇ ಕಾಣದ ಆಷಾಢದಲ್ಲಿ ಒಣಗಿಸುವುದಾದರೂ ಎಲ್ಲಿ? ಅತ್ತೆಯವರು ಅದನ್ನು ಕೇರಿ, ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಒಣಮೆಣಸಿನಕಾಯಿ ಹಾಕಿ ಡಬ್ಬಿಗೆ ತುಂಬಿ ಉಳಿಸಿಕೊಟ್ಟರು.

ಹೆಚ್ಚು ಉಳಿದದ್ದು ತರಕಾರಿಯಲ್ಲಿ: ಹಿತ್ತಲಿನ ಕೆಸುವಿನ ಸೊಪ್ಪು, ಒಂದೆಲಗದ ತಂಬುಳಿ, ಬೇಸಿಗೆಯಲ್ಲಿ ಕೂಡಿಟ್ಟ ಹಲಸಿನ ಬೀಜ ಸೇರಿ ವಾರದಲ್ಲಿ ಮೂರು ದಿನ ನಡೆಯುತ್ತದೆ. ಹುಣಸೆಹಣ್ಣಿನ ಬದಲು ವಾಟೆಹುಳಿ ಬಳಸುತ್ತಿದ್ದೇವೆ. ಕಾಫಿಪುಡಿಯಲ್ಲಿ ಮಾತ್ರ ಒಂದು ಪೈಸೆಯೂ ಉಳಿದಿಲ್ಲ, ಉಳಿಸುವ ಪ್ರಯತ್ನವನ್ನೂ ಮಾಡಿಲ್ಲ.