ಮೊಟ್ಟೆಗೆ ಕಾವು

"ಮರಿ ಆಯ್ತೇನೋ?" ಎಂದು ಕೇಳಿಕೊಂಡೇ ಮೂರ್ತಿ ನಾಗೇಶನ ಮನೆಯ ಡ್ರೈವ್‌ವೇಗೆ ಕಾಲಿಟ್ಟ.

ಉತ್ತರ ಬರಲಿಲ್ಲ. ಕಾರಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುವ, ಒಳಗೇ ಉಂಡು ಮಲಗುವ ಬಿಳಿ ಟ್ರೈಲರಿನ ಅಡಿಯಿಂದ ಎರಡು ಕಾಲು ಮಾತ್ರ ಹೊರಗಿದ್ದವು. ನಾಗೇಶನವೇ. ಮಿನೆಸೋಟದ ಆ ಬೀದಿಯಲ್ಲಿ ಪಂಚೆ ಉಟ್ಟು, ಹವಾಯಿ ಚಪ್ಪಲಿ ಮೆಟ್ಟಿಕೊಂಡು ಟ್ರೈಲರಿನ ಕೆಳಗೆ ಮಲಗುವವರು ಬೇರೆ ಯಾರಿದ್ದಾರೆ?

ಮೂರ್ತಿ ಗ್ಯಾರೇಜಿನಿಂದ ಮಡಿಸುವ ಕುರ್ಚಿ ಎಳೆದುಕೊಂಡು ಕೂತ. "ಕೋಳಿಗೆ 21 ದಿನ ಸಾಕು. ಆನೆಯಾದರೂ 22 ತಿಂಗಳಿಗೆ ಕೆಲಸ ಮುಗಿಸುತ್ತೆ. ನೀನು ಮೂರು ವರ್ಷದಿಂದ ಕಾವು ಕೂತಿದ್ದೀಯಲ್ಲೋ."

ಜಯಾ ಕಾಫಿ ತಂದಳು. "ಮನೆಯೊಳಗೆ ಮೊಟ್ಟೆ ತರಕೂಡದು ಅಂತ ಮಾವನವರು ಮದುವೆಯಲ್ಲೇ ಹೇಳಿದ್ದರು. ಇವರು ಮಾತು ಮೀರಲಿಲ್ಲ ನೋಡಿ. 13 ಅಡಿಯದ್ದು ತಂದು ಹೊರಗೇ ಇಟ್ಟರು."

"ಮೊಟ್ಟೆ ಅಂತ ಹೆಸರಿಟ್ಟಿದ್ದು ನಾನಲ್ಲ," ಎಂದು ಕೆಳಗಿನಿಂದ ದನಿ ಬಂತು. "ಇಲ್ಲಿನವರೇ ಹಾಗೆ ಕರೆಯೋದು."

"ಆಕಾರ ಹಾಗಿದೆ ಮೂರ್ತಿ," ಎಂದ ರವಿ. ಯಾವ ವಿಷಯಕ್ಕೂ ಅವನು ನಾಲ್ಕು ವಿಡಿಯೊ ನೋಡಿಯೇ ಬಂದಿರುತ್ತಾನೆ. "ಫೈಬರ್‌ಗ್ಲಾಸಿನ ಎರಡು ಹೋಳು. ಮೇಲೊಂದು, ಕೆಳಗೊಂದು. ಸೊಂಟದ ಹತ್ತಿರ ಬೆಸೆದಿರುತ್ತಾರೆ. ಗೋಡೆಯೊಳಗೆ ಮರದ ಚೌಕಟ್ಟೇ ಇಲ್ಲ. ಹಾಗಾಗಿ ಕೊಳೆಯೋ ಪ್ರಶ್ನೆಯೇ ಇಲ್ಲ."

"ನೆಲ?"

"ನೆಲ ಮಾತ್ರ ಪ್ಲೈವುಡ್."

"ಅದು ಹೇಗಿತ್ತು?"

"ಕೊಳೆತಿತ್ತು."

ಮೂರ್ತಿ ಸಮಾಧಾನದಿಂದ ಕಾಫಿ ಹೀರಿದ.

ರವಿ ಬಿಡಲಿಲ್ಲ. "ಇದಕ್ಕೆ ಇತಿಹಾಸ ಇದೆ. 1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ರೇ ಓಲೆಕೊ ಅನ್ನೋನು ಬೋಲರ್ ಅನ್ನೋ ಟ್ರೈಲರ್ ಮಾಡಿದ. ಬೌಲರ್ ಹ್ಯಾಟ್ ಅನ್ನೋ ಗುಂಡು ಟೋಪಿಯ ಹಾಗಿದೆ ಅಂತ ಆ ಹೆಸರು. ಆಮೇಲೆ ನಮ್ಮ ಮಿನೆಸೋಟದ ಬ್ಯಾಕಸ್‌ನಲ್ಲಿ ಇಂಥದ್ದೇ ಟ್ರೈಲರ್ ಮಾಡೋ ಸ್ಕ್ಯಾಂಪ್ ಕಂಪನಿ ಶುರುವಾಯ್ತು."

"ಓಲೆಕೊ ಅದಕ್ಕೂ ಮೊದಲು ಏನು ಮಾಡುತ್ತಿದ್ದ?"

ರವಿ ತಡವರಿಸಿದ. "ಅದು... ಫೈಬರ್‌ಗ್ಲಾಸಿನಲ್ಲಿ ಸೆಪ್ಟಿಕ್ ಟ್ಯಾಂಕ್ ಮಾಡಿದ್ದ. ಹಗುರ, ಗಟ್ಟಿ. ಇದರಲ್ಲೇ ಟ್ರೈಲರ್ ಯಾಕೆ ಮಾಡಬಾರದು ಅಂತ ಹೊಳೆಯಿತು."

"ನಾಗೇಶ," ಎಂದು ಮೂರ್ತಿ ಬಗ್ಗಿ ಆ ಕಾಲುಗಳಿಗೆ ಹೇಳಿದ, "ನಾನು ಸುಮ್ನೆ ಮೊಟ್ಟೆ ಅಂತ ಮರ್ಯಾದೆ ಕೊಡುತ್ತಿದ್ದೆ ಕಣೋ."

ನಾಗೇಶ ಹೊರಗೆ ಬಂದ. ಮುಖದಲ್ಲಿ ಗ್ರೀಸು, ಕಣ್ಣಲ್ಲಿ ಭಕ್ತಿ. "ಆಕ್ಸಲ್ ಹೋಗಿದೆ. ಇದರಲ್ಲಿ ಪಟ್ಟಿಯ ಸ್ಪ್ರಿಂಗ್ ಇಲ್ಲ, ಕೊಳವೆಯೊಳಗೆ ರಬ್ಬರ್ ಹುರಿ ಇರುತ್ತೆ. ವಯಸ್ಸಾದ ಮೇಲೆ ಗಟ್ಟಿಯಾಗಿ ಬಗ್ಗೋದೇ ಇಲ್ಲ."

"ನಮ್ಮ ಮಂಡಿಗೂ ಅದೇ ಆಗಿದೆ. ನಮ್ಮನ್ನು ಯಾರಾದರೂ ಹೀಗೆ ಕೆಳಗೆ ಮಲಗಿ ನೋಡುತ್ತಾರಾ?"

"ಟೈರು ಹೊಸದಾಗೇ ಕಾಣುತ್ತೆ," ಎಂದ ರವಿ.

"ಮುಖ ನೋಡಿ ಮೋಸ ಹೋಗಬೇಡ. ಪಕ್ಕದಲ್ಲಿ 2214 ಅಂತ ಇದೆ. 2014ರ 22ನೇ ವಾರ ಹುಟ್ಟಿದ್ದು. ಬದಲಿಸಲೇಬೇಕು."

"ಟೈರಿಗೂ ಜಾತಕ ನೋಡುತ್ತಾರೆ," ಎಂದಳು ಜಯಾ ಗಂಡನ ಕಡೆ ಕೈ ತೋರಿಸಿ. "ಹೋದ ಬೇಸಿಗೆಯಲ್ಲಿ ಗೋಡೆಯ ಬಿರುಕು ಉಜ್ಜಿದ್ದರು. ತೋಳಿಲ್ಲದ ಬನಿಯನ್ ಹಾಕಿಕೊಂಡು! ಆ ಪುಡಿ ಮೈಯೆಲ್ಲ ಹೊಕ್ಕು ಮೂರು ದಿನ ನಸುಗುನ್ನಿ ಸವರಿದ ಹಾಗೆ ಕುಣಿದರು."

"ಬಿರುಕು ಮುಚ್ಚೋ ರೆಸಿನ್ ಅಂಟಿನ ಕಥೆ ಹೇಳು," ಎಂದ ಮೂರ್ತಿ. ಅವನಿಗೆ ಗೊತ್ತಿರುವ ಕಥೆಯೇ. ಇನ್ನೊಮ್ಮೆ ಕೇಳುವ ಆಸೆ.

"ರವಿ ಅದನ್ನು ಗಟ್ಟಿ ಮಾಡೋ ಹಾರ್ಡನರ್ ಜಾಸ್ತಿ ಸುರಿದ," ಎಂದ ನಾಗೇಶ. "ಫೈಬರ್‌ಗ್ಲಾಸ್ ಬಟ್ಟೆ ಹಾಸೋದರೊಳಗೆ ಡಬ್ಬದಲ್ಲೇ ಗಟ್ಟಿಯಾಗಿ ಹೊಗೆ ಬಂತು."

"ವಿಡಿಯೊದಲ್ಲಿ ಹನಿ ಲೆಕ್ಕ ಹೇಳಿದ್ದರು. ನಾನು ಚಮಚ ಅಂದುಕೊಂಡೆ."

"ಉಪ್ಪಿಟ್ಟಿಗೆ ಉಪ್ಪು ಎಷ್ಟು ಅಂತ ಇವತ್ತಿಗೂ ಹೆಂಡತಿಗೆ ಫೋನ್ ಮಾಡುವವನು ನೀನು," ಎಂದ ಮೂರ್ತಿ. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೊರಗಿದ. ಭಾಷಣ ಬರುತ್ತಿದೆ ಎಂದು ಎಲ್ಲರಿಗೂ ತಿಳಿಯಿತು. "ನಮ್ಮವರಿಗೆ ಇದೊಂದು ಹೊಸ ಜ್ವರ ಕಣ್ರೋ. ಮೊದಲು ಬ್ರೆಡ್ ಹಿಟ್ಟು ಹುದುಗು ಹಾಕಿದರು. ದೋಸೆ ಹಿಟ್ಟು ಉಕ್ಕಿ ಫ್ರಿಜ್ ತುಂಬಾ ಹರಿದರೂ ಒರೆಸದವರು ಒಂದು ಬಾಟಲಿ ಹಿಟ್ಟಿಗೆ ಹೆಸರಿಟ್ಟು ಸಾಕಿದರು. ಆಮೇಲೆ ಎಲ್ಲರೂ ಮ್ಯಾರಥಾನ್ ಓಡಿದರು. ಈಗ ಮುದಿ ಟ್ರೈಲರ್. ಕೊಳ್ಳೋದು ಎಲ್ಲಾದರೂ ಹೋಗೋಕೆ ಅಂತ. ಯಾರೂ ಎಲ್ಲಿಗೂ ಹೋಗೋದಿಲ್ಲ. ಎಲ್ಲಿಗೋಪ್ಪಾ ಹೋಗಬೇಕು ಅಂತಿದ್ದೆ ನೀನು?"

"ಇಟಾಸ್ಕ. ಮಿಸಿಸಿಪ್ಪಿ ಹುಟ್ಟೋ ಜಾಗ. ಕಲ್ಲಿನ ಮೇಲೆ ಕಾಲಿಟ್ಟುಕೊಂಡು ನದಿ ದಾಟಬಹುದಂತೆ."

"ಅಲ್ಲಿ ಬಿದ್ದ ಹನಿ ಸಮುದ್ರ ಸೇರಲು ಸುಮಾರು 90 ದಿನ," ಎಂದ ರವಿ.

"ಹಾಗಾದರೆ ಇವನು ಕಾವು ಕೂತ ಮೇಲೆ ಆ ನದಿ ಹನ್ನೆರಡು ಸಲ ಹೋಗಿ ಬಂದಿದೆ."

"ಹೋಗುತ್ತೆ ಸರಿ. ಬರೋದು ಹೇಗೆ?"

"ಮೋಡವಾಗಿ," ಎಂದ ಮೂರ್ತಿ ಆಕಾಶ ನೋಡಿ. ಪಶ್ಚಿಮದಲ್ಲಿ ನಿಜಕ್ಕೂ ಕಪ್ಪಾಗಿತ್ತು. ಅವನ ದನಿ ಸ್ವಲ್ಪ ಇಳಿಯಿತು. "ಊರಲ್ಲಿ ನಮ್ಮಮ್ಮ ಮಾಡು ಸೋರುತ್ತೆ ಅಂತ ಪ್ರತಿ ಮಳೆಗಾಲ ಹೇಳುತ್ತಿದ್ದಳು. ನಾನು ಇಲ್ಲಿಂದ ದುಡ್ಡು ಕಳಿಸಿದೆ. ಮೇಸ್ತ್ರಿ ಬಂದು ಹೆಂಚು ತಿರುವಿ ಹೋದ. ಒಂದು ದಿನವೂ ನಾನು ಏಣಿ ಹತ್ತಲಿಲ್ಲ. ಇಲ್ಲಿ ನೋಡು, ಯಾರೋ ಗುರುತಿಲ್ಲದವನ ಸೋರುವ ಮಾಡನ್ನು ಕಾಸು ಕೊಟ್ಟು ತಂದು ಕೈಯಾರೆ ಮುಚ್ಚುತ್ತಿದ್ದೀವಿ."

ಯಾರೂ ನಗಲಿಲ್ಲ. ಪುಣ್ಯಕ್ಕೆ ಮಳೆ ಬಂತು.

ದಪ್ಪ ಹನಿಗಳು. ಗ್ಯಾರೇಜಿನಲ್ಲಿ ಟ್ರೈಲರಿನ ಹಾಸಿಗೆ, ಬಾಗಿಲು, ಒಲೆ ತುಂಬಿ ಕಾಲಿಡಲು ಜಾಗವಿರಲಿಲ್ಲ. ನಾಲ್ವರೂ ಟ್ರೈಲರಿನೊಳಗೇ ನುಗ್ಗಿದರು. ಮೂರ್ತಿ ತಲೆ ತಗ್ಗಿಸಿ, ಹೊಟ್ಟೆ ಎಳೆದುಕೊಂಡು ಬೆಂಚಿನ ಮೂಲೆ ಸೇರಿದ.

"ಅಂತೂ ಪ್ರವಾಸ ಹೊರಟ ಹಾಗಾಯ್ತು," ಎಂದಳು ಜಯಾ. "ಅಡುಗೆಮನೆಯಿಂದ ಇಲ್ಲಿಗೆ 40 ಅಡಿ."

ಮೇಲೆ ಮಳೆ ಟಪಟಪ ಬಡಿಯುತ್ತಿತ್ತು. ನಾಗೇಶ ಕಿಟಕಿಯ ಅಂಚು ಸವರಿ ತೋರಿಸಿದ. ಹಿಂದಿನ ಯಜಮಾನ ಕಂಡಕಂಡಲ್ಲಿ ಸಿಲಿಕೋನ್ ಮೆತ್ತಿದ್ದ. ಅದರ ಮೇಲೆ ಬೇರೇನೂ ಅಂಟುವುದಿಲ್ಲ. ಎರಡು ತಿಂಗಳು ಕೆರೆದು ಕೆರೆದು ತೆಗೆದು, ನೀರು ತಡೆಯುವ ಬ್ಯೂಟೈಲ್ ಟೇಪ್ ಇಟ್ಟು ಕಿಟಕಿ ಕೂರಿಸಿದ್ದಾನೆ. ಕಪಾಟು ಹಿಡಿದಿರುವ ರಿವೆಟ್‌ಗಳು ಗೋಡೆ ತೂರಿ ಹೊರಗೆ ಬರುತ್ತವಂತೆ. ಒಂದೊಂದೂ ಒಂದು ತೂತು. ಅವನ್ನೂ ಬದಲಿಸಿದ್ದಾನೆ.

ಮೂರ್ತಿ ಗೋಡೆ ನೋಡುತ್ತಿದ್ದ. ಅಲ್ಲಲ್ಲಿ ಪೆನ್ಸಿಲಿನ ಪುಟ್ಟ ಸುತ್ತುಗಳು. ಪಕ್ಕದಲ್ಲಿ ಅಂಕಿ. ೩, ೭, ಬಾಗಿಲ ಮೇಲೆ ೧೧.

"ಇದೇನೋ?"

"ಮಾವನವರದು," ಎಂದಳು ಜಯಾ. "ಆ ವರ್ಷ ಆರು ತಿಂಗಳು ಇದ್ದರಲ್ಲ. ಮಳೆ ಬಂದ ತಕ್ಷಣ ಟಾರ್ಚು, ಪೆನ್ಸಿಲ್ಲು ಹಿಡಿದು ಇದರೊಳಗೆ ಬಂದು ಕೂರುತ್ತಿದ್ದರು. ತೀರ್ಥಹಳ್ಳಿ ಮಳೆಯಲ್ಲಿ ಸೋರುವಲ್ಲೆಲ್ಲ ಪಾತ್ರೆ ಇಟ್ಟು ಅಭ್ಯಾಸ. ಇವರು ಆಫೀಸಿಂದ ಬಂದ ಕೂಡಲೇ ವರದಿ. ಅಪ್ಪ ಮಗ ಅಷ್ಟು ಮಾತಾಡಿದ್ದು ನಾನು ಅದಕ್ಕೆ ಮೊದಲು ನೋಡಿರಲಿಲ್ಲ."

"14 ಕಂಡುಹಿಡಿದಿದ್ದರು," ಎಂದ ನಾಗೇಶ. "ಎಲ್ಲ ಮುಚ್ಚಿದೆ. ಫೋಟೊ ಕಳಿಸಬೇಕು ಅಂತಿದ್ದೆ. ಅಷ್ಟರಲ್ಲಿ..."

ಮಳೆ ಜೋರಾಯಿತು. ರವಿ ಗೋಡೆಯ ಶಾಖ ತಡೆಯುವ ಪದರದ ಬಗ್ಗೆ ಏನೋ ಹೇಳಲು ಹೊರಟು ಸುಮ್ಮನಾದ.

ಟಪ್. ಮೂರ್ತಿಯ ಬೋಳುತಲೆಯ ಮೇಲೆ ಒಂದು ಹನಿ ಬಿತ್ತು.

ಎಲ್ಲರೂ ತಲೆ ಎತ್ತಿದರು. ಮಾಡಿನ ಗಾಳಿಕಿಂಡಿಯ ಮೂಲೆ. ಅಲ್ಲಿ ಯಾವ ಸುತ್ತೂ ಇರಲಿಲ್ಲ. ಮೂರ್ತಿಗೆ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಜಯಾಳ ಕೈಯಿಂದ ಖಾಲಿ ಲೋಟ ತೆಗೆದು ತಲೆಯ ಮೇಲೆ ಹಿಡಿದ.

ನಾಗೇಶ ಡ್ರಾಯರಿನಲ್ಲಿ ತಡಕಾಡಿ ಮೊಂಡು ಪೆನ್ಸಿಲ್ ತೆಗೆದ. ಬೆಂಚಿನ ಮೇಲೆ ಹತ್ತಿ ನಿಂತು ಒಂದು ಸುತ್ತು ಹಾಕಿದ. ಪಕ್ಕದಲ್ಲಿ ೧ ಬರೆದ. ಆಮೇಲೆ ಪೆನ್ಸಿಲ್ ನಿಂತಿತು. ಗಾಳಿಯಲ್ಲಿ ಒಂದೆರಡು ಸಲ ಆಡಿಸಿ ನೋಡಿದ.

"ಐದು ಹೇಗೋ ಬರೆಯೋದು?"

"ಇಳಿ," ಎಂದ ಮೂರ್ತಿ, ಲೋಟವನ್ನು ರವಿಯ ಕೈಗೆ ಕೊಟ್ಟು. "ಪೆನ್ಸಿಲ್ ಕೊಡು ಇಲ್ಲಿ."