ಗುಲಾಬಿ ತ್ರಿಕೋನದವರ ನೆನಪುಗಳು ಏಕೆ ಇಷ್ಟು ಕಡಿಮೆ?

ಕೊಡಿಯಾಲ್‌ಬೈಲ್ ಮಾಷ್ಟ್ರು (ಪ್ರಶ್ನೆ)

ಮಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೇನೆ. ಕಳೆದ ವಾರ ನಾಜಿ ಜರ್ಮನಿಯ ಪಾಠ ಮಾಡುವಾಗ, ಯಾತನಾ ಶಿಬಿರದ ಕೈದಿಗಳ ಅಂಗಿಗೆ ಹೊಲಿಯುತ್ತಿದ್ದ ಬಟ್ಟೆಯ ತ್ರಿಕೋನಗಳ ಬಣ್ಣಗಳನ್ನು ಬೋರ್ಡಿನ ಮೇಲೆ ಬರೆದೆ: ರಾಜಕೀಯ ಕೈದಿಗಳಿಗೆ ಕೆಂಪು, 'ಯೆಹೋವನ ಸಾಕ್ಷಿಗಳು' ಎಂಬ ಕ್ರೈಸ್ತ ಪಂಥದವರಿಗೆ ನೇರಳೆ, ಸಲಿಂಗಿ ಪುರುಷರಿಗೆ ಗುಲಾಬಿ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಯಹೂದಿಗಳ ನೆನಪುಗಳನ್ನು ನಾವು ಕನ್ನಡದಲ್ಲೂ ಓದಿದ್ದೇವೆ, ಗುಲಾಬಿಯವರು ಏನೂ ಬರೆಯಲಿಲ್ಲವೇ?" ಎಂದು ಕೇಳಿದಳು. ಬಂಧಿತರಾದವರು ಸುಮಾರು 1,00,000, ಶಿಕ್ಷೆಯಾದವರು 50,000ದಷ್ಟು, ಶಿಬಿರಗಳಿಗೆ ಹೋದವರು 5,000ದಿಂದ 15,000 ಎಂಬ ಅಂದಾಜುಗಳನ್ನು ಹೇಳಿ ಪಾರಾಗಬಹುದಿತ್ತು. ಆದರೆ ಅವಳು ಕೇಳಿದ್ದು ಅಂಕಿಯನ್ನಲ್ಲ. ಸೋಮವಾರ ಹೇಳುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಕರಿಕೋಟು, ಮಂಗಳೂರು

ಮಾಷ್ಟ್ರೇ, ಇದಕ್ಕೆ ಉತ್ತರವನ್ನು ಶಿಬಿರದಲ್ಲಿ ಹುಡುಕುವುದಕ್ಕಿಂತ ದಂಡಸಂಹಿತೆಯಲ್ಲಿ ಹುಡುಕುವುದು ಮೇಲು. ಗಂಡಸರ ನಡುವಿನ ಲೈಂಗಿಕ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಜರ್ಮನಿಯ 175ನೇ ಕಲಂ 1871ರದ್ದು, ಅಂದರೆ ಹಿಟ್ಲರ್ ಅಧಿಕಾರಕ್ಕೆ ಬರುವುದಕ್ಕೆ ಅರವತ್ತು ವರ್ಷ ಮೊದಲಿನದು. ಅದರಲ್ಲಿ 'ನಿಸರ್ಗವಿರುದ್ಧ' ಎಂಬ ವಿಶೇಷಣವಿದ್ದುದರಿಂದ ನ್ಯಾಯಾಲಯಗಳು ಸಂಭೋಗಕ್ಕೆ ಸಮನಾದ ಕೃತ್ಯದ ಪುರಾವೆಯನ್ನು ಕೇಳುತ್ತಿದ್ದವು. 1935ರ ತಿದ್ದುಪಡಿ ಆ ಒಂದು ಪದವನ್ನೇ ಕಿತ್ತುಹಾಕಿತು. ನಮ್ಮ ಹಳೆಯ ದಂಡಸಂಹಿತೆಯ 377ನೇ ಕಲಮಿನ 'ನಿಸರ್ಗದ ಕ್ರಮಕ್ಕೆ ವಿರುದ್ಧ' ಎಂಬ ಮಾತಿನ ಮೇಲೆ ವರ್ಷಗಟ್ಟಲೆ ವಾದ ಕೇಳಿದ ನನ್ನಂಥವನಿಗೆ, ಅಂಥ ಪದ ತೊಲಗಿದರೆ ಒಳ್ಳೆಯದೇ ಎಂದು ಮೊದಲಿಗೆ ಅನ್ನಿಸಿತ್ತು. ಆದರೆ ಅಲ್ಲಿ ಪದ ಹೋದದ್ದರಿಂದ ಕಾನೂನಿಗೆ ಎಲ್ಲೆಯೇ ಇಲ್ಲದಂತಾಗಿ, ಮುಟ್ಟಿದ್ದು ಮಾತ್ರವಲ್ಲ, ಆಸೆಗಣ್ಣಿನಿಂದ ನೋಡಿದ್ದೂ ಅಪರಾಧವೆನಿಸಬಹುದಾಯಿತು. 1934ರಲ್ಲಿ ಸಾವಿರದೊಳಗಿದ್ದ ಶಿಕ್ಷೆಗಳು 1938ರಲ್ಲಿ 8,000 ದಾಟಿದವು.

ಇನ್ನು ಮುಖ್ಯ ವಿಷಯ. ಪಶ್ಚಿಮ ಜರ್ಮನಿ ನಾಜಿಗಳ ಇತರ ಎಷ್ಟೋ ಕಾನೂನುಗಳನ್ನು ಬಿಟ್ಟರೂ 1935ರ ಈ ಕಲಮನ್ನು ಅಕ್ಷರ ಬದಲಿಸದೆ 1969ರವರೆಗೆ ಇಟ್ಟುಕೊಂಡಿತು. 1957ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ಅವಧಿಯಲ್ಲಿ ಮತ್ತೆ ಸುಮಾರು 50,000 ಮಂದಿಗೆ ಶಿಕ್ಷೆಯಾಯಿತು. ಹಾಗಿರುವಾಗ ನೆನಪು ಬರೆಯುವುದೆಂದರೆ ತಪ್ಪೊಪ್ಪಿಗೆ ಬರೆದು ಸಹಿ ಹಾಕಿದಂತೆಯೇ. ನಾಜಿ ಕಾಲದ ಶಿಕ್ಷೆಗಳು ರದ್ದಾದದ್ದು 2002ರಲ್ಲಿ, ಯುದ್ಧಾನಂತರದವು 2017ರಲ್ಲಿ.

ಮಣಿಪಾಲದ ನಿವೃತ್ತ ಲೈಬ್ರೇರಿಯನ್

ವಕೀಲರ ಮಾತಿಗೆ ನನ್ನದೊಂದು ಸೇರ್ಪಡೆ. ಏನೂ ಬರೆದಿಲ್ಲ ಎಂದು ಆ ಹುಡುಗಿಗೆ ಹೇಳಬೇಡಿ. ಯೋಸೆಫ್ ಕೊಹೌಟ್ ಎಂಬ ವಿಯೆನ್ನಾದ ಯುವಕ ತನ್ನ ಗೆಳೆಯನಿಗೆ ಕಳಿಸಿದ ಕ್ರಿಸ್‌ಮಸ್ ಶುಭಾಶಯ ನಾಜಿಗಳ ರಹಸ್ಯ ಪೊಲೀಸರಾದ ಗೆಸ್ಟಾಪೊ ಕೈಗೆ ಸಿಕ್ಕಿ, 1939ರಲ್ಲಿ ಬಂಧಿತನಾಗಿ, ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು ಬದುಕುಳಿದ. ಅವನ ಕಥೆ ಅಚ್ಚಾದದ್ದು 1972ರಲ್ಲಿ, ಅದೂ ಬೇರೊಂದು ಹೆಸರಿನಲ್ಲಿ. ಆಸ್ಟ್ರಿಯ ತನ್ನ ಕಾನೂನನ್ನು ಕೈಬಿಟ್ಟದ್ದು 1971ರಲ್ಲಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1896 ಎಂಬ ಕೈದಿ ಸಂಖ್ಯೆಯೂ ಗುಲಾಬಿ ತ್ರಿಕೋನವೂ ಇರುವ ಅವನ ಬಟ್ಟೆಯ ತುಂಡು ಈಗ ವಾಷಿಂಗ್ಟನ್ನಿನ ಹಾಲೊಕಾಸ್ಟ್ ಮ್ಯೂಸಿಯಮ್ಮಿನಲ್ಲಿದೆ.

ಬರೆದಿಟ್ಟ ಬೇರೆಯದೂ ಬೂದಿಯಾಯಿತು. ಸಲಿಂಗಿಗಳ ಹಕ್ಕಿಗಾಗಿ ಹೋರಾಡಿದ ವೈದ್ಯ ಮಾಗ್ನಸ್ ಹಿರ್ಷ್‌ಫೆಲ್ಡ್ 1919ರಲ್ಲಿ ಬರ್ಲಿನ್ನಿನಲ್ಲಿ ಕಟ್ಟಿದ ಲೈಂಗಿಕ ವಿಜ್ಞಾನ ಸಂಸ್ಥೆಯ ಗ್ರಂಥಾಲಯವನ್ನು 1933ರ ಮೇ 6ರಂದು ಲೂಟಿ ಮಾಡಿದವರಲ್ಲಿ ವಿದ್ಯಾರ್ಥಿಗಳಿದ್ದರು. ನಾಲ್ಕು ದಿನಗಳ ಬಳಿಕ ಒಪೆರ್ನ್‌ಪ್ಲಾಟ್ಸ್ ಚೌಕದಲ್ಲಿ ಬೆಂಕಿ ಹಚ್ಚಲಾಯಿತು. (ಈ ಮಹಾಶಯರು 1931ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು.) ಪುಸ್ತಕಗಳು ಸುಟ್ಟವು, ಸಲಿಂಗಿಗಳ ಹೆಸರು ಬರೆದಿಟ್ಟ ಪೊಲೀಸರ ಪಟ್ಟಿಗಳು ಉಳಿದವು. ಆ ಪಟ್ಟಿಗಳನ್ನು ಮೊದಲು ಮಾಡಿದವರು ನಾಜಿಗಳಲ್ಲ, ಅವರಿಗಿಂತ ಹಿಂದಿನ ಸರ್ಕಾರಗಳ ಪೊಲೀಸರು. ಒಬ್ಬನ ವಿಳಾಸದ ಪುಸ್ತಕ ಸಿಕ್ಕಿದರೆ ಅದರಲ್ಲಿದ್ದ ಇತರರ ಬಾಗಿಲನ್ನೂ ತಟ್ಟುತ್ತಿದ್ದರು. ಜೀವಮಾನವಿಡೀ ಕಾರ್ಡುಗಳನ್ನು ಅಕಾರಾದಿಯಾಗಿ ಜೋಡಿಸಿದವಳು ನಾನು; ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಮಲ್ಪೆ ಗಾಳಿ

ವಿಳಾಸದ ಪುಸ್ತಕದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಸಲಿಂಗಿ, ಉಡುಪಿಯವನು. ಕೆಲವು ವರ್ಷಗಳ ಹಿಂದೆ ಒಂದು ಹಾಸ್ಟೆಲಿನಲ್ಲಿದ್ದಾಗ ವಾರ್ಡನ್ ನನ್ನ ಫೋನು ಕಸಿದುಕೊಂಡು, ಮೆಸೇಜುಗಳನ್ನು ಓದುತ್ತಾ, ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ನೀಲಿ ಪೆನ್ನಿನಿಂದ ನಾಲ್ಕು ಹೆಸರು ಬರೆದುಕೊಂಡರು. ಅದರಲ್ಲಿ ಇಬ್ಬರಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಇದನ್ನು ನಾಜಿಗಳ ಕೃತ್ಯಕ್ಕೆ ಹೋಲಿಸುವಷ್ಟು ಅವಿವೇಕಿ ನಾನಲ್ಲ. ಸಲಿಂಗ ಸಂಬಂಧ ಅಪರಾಧವಲ್ಲವೆಂದ ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪಿನ ನಂತರ ನನ್ನನ್ನು ಜೈಲಿಗೆ ಹಾಕುವವರೂ ಇಲ್ಲ. ಆದರೂ ನಾನು ಇಲ್ಲಿ ಬರೆಯುತ್ತಿರುವುದು ಸುಳ್ಳು ಹೆಸರಿನಲ್ಲಿ ಎಂಬುದನ್ನು ಮಾಷ್ಟ್ರು ಗಮನಿಸಬಹುದು.

ಒಂದು ಸಣ್ಣ ಸಂಗತಿ: ಜರ್ಮನರು ಇಂಥವರನ್ನು ಆಡುಮಾತಿನಲ್ಲಿ '175ರವರು' ಎಂದೇ ಕರೆಯುತ್ತಿದ್ದರು. ನಮ್ಮ ಹಾಸ್ಟೆಲಿನಲ್ಲಿ ನನ್ನ ಅಡ್ಡಹೆಸರು 377 ಎಂದಿತ್ತು.

ಕೊಡಿಯಾಲ್‌ಬೈಲ್ ಮಾಷ್ಟ್ರು

ಮೂವರಿಗೂ ನಮಸ್ಕಾರ. ಮಲ್ಪೆಯವರೇ, ನಿಮ್ಮ ಅನುಭವವನ್ನು ನಿಮ್ಮ ಅನುಮತಿಯಿಲ್ಲದೆ ತರಗತಿಯಲ್ಲಿ ಹೇಳುವುದಿಲ್ಲ. ಕ್ರಿಸ್‌ಮಸ್ ಕಾರ್ಡಿನಿಂದಲೇ ಪಾಠ ಶುರುಮಾಡಬೇಕೆಂದಿದ್ದೇನೆ. ಕಳೆದ ವಾರ 1945ರ ಎದುರು 'ಎಲ್ಲ ಕೈದಿಗಳ ಬಿಡುಗಡೆ' ಎಂದು ನೋಟ್ಸ್ ಬರೆಸಿದ್ದೆ. ಮೊದಲು ಆ ಸಾಲನ್ನು ತಿದ್ದಿಸಬೇಕು.