ಗಂಗಾವತಿ ರೈಸ್ ಮಿಲ್ಲಿಗೆ ನೆಟ್‌ವರ್ಕ್: ಮೆಷ್ ಸೆಟ್ ತಗೊಳ್ಳೋದಾ, ರೌಟರ್ ಬೇರೆ ಆಕ್ಸೆಸ್ ಪಾಯಿಂಟ್ ಬೇರೆ ಹಾಕ್ಸೋದಾ?

ಭತ್ತದ ಕಣಜ, ಗಂಗಾವತಿ

ಎಲ್ಲಾರಿಗೂ ಶರಣ್ರಿ. ನಮ್ಮ ಮಾವನವರ ರೈಸ್ ಮಿಲ್ಲಿನ ಲೆಕ್ಕಪತ್ರ, ಕಂಪ್ಯೂಟರ್ ಕೆಲಸ ನಾನೇ ನೋಡ್ಕೊಳ್ಳೋದು. ಗೇಟಿನ ಹತ್ರ ಕಾಟಾ ಕ್ಯಾಬಿನ್ ಐತಿ, ಅಲ್ಲಿಂದ ಆಫೀಸಿಗೆ ಟೇಪ್ ಹಿಡಿದು ಅಳೆದರ 130 ಮೀಟರ್. ನಡುವೆ ತಗಡಿನ ಗೋದಾಮು. ಆಫೀಸು ಹಳೇ ಕಟ್ಟಡ, ಒಂದೂವರೆ ಅಡಿ ಕಲ್ಲಿನ ಗೋಡೆ, ಮೇಲೊಂದು ಮಹಡಿ.

ಈಗಿರೋದು ಇಂಟರ್ನೆಟ್ ಕಂಪನಿಯವರು ಕೊಟ್ಟ ಒಂದು ಡಬ್ಬಿ, ಕಿಟಕಿ ಹತ್ರ ಒಂದು ರಿಪೀಟರ್. ಬೆಳಿಗ್ಗೆ ಚೊಲೋ ಇರ್ತೈತಿ. ಭತ್ತದ ಲಾರಿ ಸಾಲು ಹಚ್ಚಿ ನಿಂತಾಗ ಕಾಟಾದ ತೂಕ ಆಫೀಸಿನ ಕಂಪ್ಯೂಟರಿಗೆ ಬರಂಗಿಲ್ಲ, ಹುಡುಗ ಚೀಟಿ ಹಿಡ್ಕೊಂಡು ಓಡಿ ಬರ್ತಾನ. 25 ಕೆಜಿ ಪ್ಯಾಕೆಟ್ ಅಕ್ಕಿ ಲೋಡ್ ಆದಮೇಲೆ ಇ-ವೇ ಬಿಲ್ ತೆಗೆಯಾಕ ನೆಟ್ ಇಲ್ಲಂದ್ರ ಲಾರಿ ಗೇಟು ದಾಟಂಗಿಲ್ಲ. ಹಮಾಲರು ಸುಮ್ನೆ ಕುಂದರಬೇಕು, ಅವರ ದಿನದ ಕೂಲಿಗೂ ಪೆಟ್ಟು.

ಅಂಗಡಿಯವರು ಮೂರು ಪೀಸಿನ ಮೆಷ್ ಸೆಟ್ (ಒಂದಕ್ಕೊಂದು ಗಾಳಿಯಾಗೇ ಸಿಗ್ನಲ್ ದಾಟಿಸೋ ವೈಫೈ ಡಬ್ಬಿಗಳು) ತಗೊಳ್ರಿ, ವೈರ್ ಎಳೆಯೋ ಕೆಲಸನೇ ಇಲ್ಲ ಅಂತಾರ. ನಮ್ಮ ಮಾವನ ಗೆಳೆಯರೊಬ್ರು ಎಂಟು ಆಂಟೆನಾದ ವೈಫೈ 7 ರೌಟರ್ ಒಂದಿದ್ದರ ಸಾಕು ಅಂತಾರ. ಬಜೆಟ್ 40,000 ತನಕ. ಬ್ಯಾಸಗ್ಯಾಗ ಮಧ್ಯಾಹ್ನ ಆದ್ರ ಈ ಡಬ್ಬಿ ತಾನೇ ಬಂದಾಗಿ ತಾನೇ ಚಾಲೂ ಆಗ್ತೈತಿ, ಅದಕ್ಕೂ ಏನರ ದಾರಿ ಹೇಳ್ರಿ.

ವೈರಿಂಗ್ ಕೆಲಸ, ಸಿಂಧನೂರು

ಅಣ್ಣಾರ, ಗಾಳಿ ಮೇಲಿನ ಮೆಷ್ ಸೆಟ್ಟೂ ಬ್ಯಾಡ, ಎಂಟು ಆಂಟೆನಾದ ಒಂದೇ ರೌಟರೂ ಬ್ಯಾಡ್ರಿ. ಸಿಂಧನೂರು, ಕಾರಟಗಿ ಕಡೆ ಮಿಲ್‌ಗಳಾಗ ನನ್ನ ಕೆಲಸನೇ ಇದು, ನಿಮ್ಮ ಜಾಗ ನೋಡದಿದ್ದರೂ ಕಣ್ಣಿಗೆ ಕಟ್ಟಿದಂಗೈತಿ. ಮೊದಲು ತಂತಿಗೆ ಮತ್ತು ಕರೆಂಟಿಗೆ ರೊಕ್ಕ ಹಾಕ್ರಿ, ಉಳಿದಿದ್ದರಾಗ ಡಬ್ಬಿ ತಗೊಳ್ರಿ. ಸಾಧಾರಣ ಡಬ್ಬಿಗಳು ಗಟ್ಟಿ ತಂತಿ ಮೇಲೆ ವರ್ಷಗಟ್ಟಲೆ ನಡೀತಾವ. ದುಬಾರಿ ಡಬ್ಬಿ ತಂದು ಗಾಳಿಗೆ ಬಿಟ್ಟರ ಸುಗ್ಗಿ ಟೈಮಿನ್ಯಾಗ ಕೈ ಕೊಡ್ತೈತಿ.

ಕಾಟಾದ ಕಂಪ್ಯೂಟರ್ ವೈಫೈ ಮೇಲೆ ಇರಲೇಬಾರದು. ಲಾರಿ ಅಂದ್ರ ಕಬ್ಬಿಣದ ಗೋಡೆ. ನಾಲ್ಕು ಲಾರಿ ಕ್ಯಾಬಿನ್ ಮುಂದೆ ನಿಂತರ ಸಿಗ್ನಲ್ ಎಲ್ಲಿಂದ ಬರಬೇಕು? ತಾಮ್ರದ ನೆಟ್‌ವರ್ಕ್ ಕೇಬಲ್ಲಿನ ಮಿತಿ 100 ಮೀಟರ್, ನಿಮ್ಮದು 130. ನಡುವೆ ಒಂದು ಸ್ವಿಚ್ (ನೆಟ್ ಕೇಬಲ್ ಜೋಡಿಸೋ ಡಬ್ಬಿ) ಇಟ್ಟು ಮುಂದುವರಿಸ್ರಿ ಅಂತ ಯಾರಾದ್ರೂ ಹೇಳ್ತಾರ, ಒಪ್ಪಬ್ಯಾಡ್ರಿ. ಏಪ್ರಿಲ್, ಮೇ ಮಳಿ ಗುಡುಗು ಸಿಡಿಲಿನ್ಯಾಗ ಆ ತಾಮ್ರದ ಗುಂಟ ಸರ್ಜ್ (ಕರೆಂಟಿನ ಹೊಡೆತ) ಬಂದು ಎರಡೂ ತುದಿ ಸುಟ್ಟು ಹಾಕ್ತೈತಿ. ಎರಡು ಕಟ್ಟಡದ ಅರ್ಥಿಂಗ್ ಬೇರೆ ಬೇರೆ ಇದ್ದರ ಸಿಡಿಲೇ ಬೇಕಂತಿಲ್ಲ. ಅಲ್ಲಿ ಫೈಬರ್ ಎಳೆಸ್ರಿ: ಸಿಂಗಲ್ ಮೋಡ್, ನಾಲ್ಕು ಕೋರ್ (ಎಳೆ), ಆರ್ಮರ್ಡ್ (ಲೋಹದ ಕವಚ ಇರೋದು). ಕೆಲಸಕ್ಕೆ ಬೇಕಾಗೋದು ಒಂದೇ ಕೋರ್, ಉಳಿದವು ನಾಳೆಗೆ. ಮಿಲ್ಲಿನ್ಯಾಗ ಹೆಗ್ಗಣ ಎಷ್ಟಿರ್ತಾವ ನಿಮಗೇ ಗೊತ್ತು. ಆರ್ಮರ್ ಇಲ್ಲದ ಕೇಬಲ್ ಕಡಿದು ಹಾಕ್ತಾವ. ಎಚ್‌ಡಿಪಿಇ ಪೈಪಿನ್ಯಾಗ ಹಾಕಿ ಹೂಳ್ರಿ. ಎರಡು ತುದಿಗೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನ ತಾಮ್ರದ ಕೇಬಲ್ಲಿಗೆ ಬದಲಿಸೋ ಡಬ್ಬಿ), ಒಂದು ಎ ಒಂದು ಬಿ ಇರೋ ಜೋಡಿ. ಎ ಕಡೆಯಿಂದ 1310 ನ್ಯಾನೋಮೀಟರಿನ್ಯಾಗ ಬೆಳಕು ಹೋಗ್ತೈತಿ, ಬಿ ಕಡೆಯಿಂದ 1550ರಾಗ ವಾಪಸ್ ಬರ್ತೈತಿ. ಎರಡೂ ಎ ತಂದರ ದೀಪನೇ ಹತ್ತಂಗಿಲ್ಲ.

ಇನ್ನು ರೌಟರ್. ಕಂಪನಿ ಡಬ್ಬಿಯನ್ನ ಬ್ರಿಡ್ಜ್ ಮೋಡಿಗೆ (ಲೈನನ್ನ ಮುಂದಿನ ರೌಟರಿಗೆ ದಾಟಿಸೋದಷ್ಟೇ ಅದರ ಕೆಲಸ) ಹಾಕಿಸ್ರಿ, ಪಿಪಿಪಿಒಇ (ಲೈನಿಗೆ ಲಾಗಿನ್ ಆಗೋ) ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ (ಒಂದೇ ತಂತಿ ಮೇಲೆ ಬೇರೆ ಬೇರೆ ಜಾಲ ಮಾಡೋದು) ನಂಬರ್ ಬರೆಸಿಕೊಳ್ರಿ. ಅದರ ಮುಂದೆ ವೈಫೈ ಇಲ್ಲದ ರೌಟರ್: ಟಿಪಿ-ಲಿಂಕ್ ಇಆರ್605 ಅಥವಾ ಮೈಕ್ರೋಟಿಕ್ ಹೆಕ್ಸ್. ಮೈಕ್ರೋಟಿಕ್ ಕಲಿಯಾಕ ಟೈಮ್ ಬೇಕು, ನೋಡ್ಕೊಳ್ಳೋರು ನೀವೊಬ್ಬರೇ ಇದ್ದರ ಇಆರ್605 ಸಾಕು. ಎರಡಕ್ಕೂ ಎರಡನೇ ಲೈನ್ ಜೋಡಿಸಬಹುದು. ಅದು ಬೇರೆ ಕಂಪನಿಯ 4ಜಿ ಇರಲಿ, ಯಾಕಂದ್ರ ಒಂದೇ ಕಂಬದ ಮೇಲೆ ಬರೋ ಎರಡು ಫೈಬರ್ ಒಂದೇ ಜೆಸಿಬಿಗೆ ಹರೀತಾವ. ಸೆಟ್ಟಿಂಗಿನ್ಯಾಗ ಲೋಡ್ ಬ್ಯಾಲೆನ್ಸ್ ಬಂದ್ ಮಾಡಿ ಫೇಲ್‌ಓವರ್ (ಒಂದು ಲೈನ್ ಬಿದ್ದರ ಇನ್ನೊಂದು ಹಿಡಿಯೋದು) ಮಾತ್ರ ಇಡ್ರಿ. ಎರಡು ಲೈನ್ ಒಟ್ಟಿಗೆ ಓಡಿಸಿದರ ಐಪಿ ವಿಳಾಸ ನಡುವೇ ಬದಲಾಗಿ ಬ್ಯಾಂಕು, ಜಿಎಸ್‌ಟಿ ಸೈಟು ಲಾಗೌಟ್ ಮಾಡಬಹುದು.

ಆಕ್ಸೆಸ್ ಪಾಯಿಂಟ್ (ತಂತಿಯಿಂದ ಬಂದ ನೆಟ್ಟನ್ನ ವೈಫೈ ಮಾಡಿ ಬಿಡೋ ಡಬ್ಬಿ) ಮೂರು ಸಾಕು: ಆಫೀಸು, ಮೇಲಿನ ಮಹಡಿ, ಗೋದಾಮು. ಟಿಪಿ-ಲಿಂಕಿನ ಒಮಾಡಾ ಇಎಪಿ225 ಹಳೇ ವೈಫೈ 5 ಮಾಡೆಲ್, ಆದ್ರೂ ನಿಮ್ಮ ಕೆಲಸಕ್ಕೆ ಧಾರಾಳ ಆಗ್ತೈತಿ. ಕೈಗೆಟುಕಿದರ ವೈಫೈ 6ರ ಇಎಪಿ610. ಎಂಟು ಆಂಟೆನಾದ ಒಂದೇ ರೌಟರ್ ಯಾಕ ಬ್ಯಾಡ ಅಂದ್ರ, ಅದು ಕೂಗಿದ್ದು ಫೋನಿಗೆ ಕೇಳಿಸಿದರೂ ಫೋನ್ ಕೂಗಿದ್ದು ಅದಕ್ಕೆ ಮುಟ್ಟಬೇಕಲ್ಲ? ಕಲ್ಲಿನ ಗೋಡೆ ದಾಟಿ ಮುಟ್ಟಂಗಿಲ್ಲ. ಡಬ್ಬಿಗಳು ಹತ್ರ ಹತ್ರ ಇರಲಿ, ಪವರ್ ಕಡಿಮಿ ಇರಲಿ, ಹೆಸರು ಪಾಸ್‌ವರ್ಡ್ ಒಂದೇ ಇರಲಿ. 2.4 ಗಿಗಾಹರ್ಟ್ಸಿನ್ಯಾಗ ಒಂದೊಂದಕ್ಕೆ 1, 6, 11 ಚಾನೆಲ್ ಕೈಯಿಂದ ಕೊಡ್ರಿ, ಅಗಲ 20 ಮೆಗಾಹರ್ಟ್ಸ್.

ಗೋದಾಮಿನ ವಿಷಯಕ್ಕೆ ಸ್ವಲ್ಪ ನಿಂತು ಹೇಳ್ತೀನಿ. ಭತ್ತದಾಗ ತೇವ ಇರ್ತೈತಿ, ಆ ತೇವ ಸಿಗ್ನಲ್ ನುಂಗ್ತೈತಿ. ಗೋದಾಮು ಖಾಲಿ ಇದ್ದಾಗ ಮೂಲಿ ಮೂಲಿಗೂ ನೆಟ್ ಬರ್ತೈತಿ, ಚೀಲದ ನಿಟ್ಟು ಮಾಡು ಮುಟ್ಟಿದಾಗ ಎದುರಿಗೇ ಬರಂಗಿಲ್ಲ. ಹಮಾಲರು ಓಡಾಡೋ ನಡುದಾರಿ ಮೇಲೆ ಬರೋಹಂಗ ಕಟ್ಟಿಸ್ರಿ, ನಿಟ್ಟಿನ ಮೇಲೆ ಬ್ಯಾಡ. ಟೆಸ್ಟ್ ಮಾಡೋದು ಗೋದಾಮು ತುಂಬಿದಾಗ.

ಇನ್ನು ಬಿಸಿಲು. ಒಳಾಂಗಣದ ಎಷ್ಟೋ ಡಬ್ಬಿಗಳ ಡೇಟಾಶೀಟಿನ್ಯಾಗ 40 ಡಿಗ್ರಿ ತನಕ ಅಂತ ಬರೆದಿರ್ತಾರ. ನಮ್ಮ ಕಡೆ ಬ್ಯಾಸಗಿ ನೆರಳಿನ್ಯಾಗೇ ಅದನ್ನ ದಾಟ್ತೈತಿ, ತಗಡಿನ ಕೆಳಗಂತೂ ಕೇಳೋದೇ ಬ್ಯಾಡ. ಅದಕ್ಕೆ ಗೋದಾಮಿಗೆ ಒಳಗೇ ಆದ್ರೂ ಔಟ್‌ಡೋರ್ ಮಾಡೆಲ್ ತಗೊಳ್ರಿ: ಧೂಳೂ ಹೋಗಂಗಿಲ್ಲ, ಶಾಖಾನೂ ತಡೀತೈತಿ. ತಗಡಿಗೆ ಅಂಟಿಸಬ್ಯಾಡ್ರಿ, ಒಂದು ಮೊಳ ಕೆಳಗೆ ಇಳಿಬಿಡ್ರಿ. ಆಫೀಸಿನ ಡಬ್ಬಿ ಮರದ ಕಪಾಟಿನ್ಯಾಗ ಇದ್ದರ ಇವತ್ತೇ ಹೊರಗೆ ತೆಗೀರಿ. ಫ್ಯಾನ್ ಇರೋ ಸ್ವಿಚ್ ಮಿಲ್ಲಿಗೆ ಆಗಂಗಿಲ್ಲ, ತೌಡಿನ ಧೂಳು ಎಳ್ಕೊಂಡು ಗಟ್ಟಿ ಆಗ್ತೈತಿ.

ಪವರ್ ಅಡಾಪ್ಟರ್ ಅಲ್ಲಲ್ಲಿ ಸಿಗಿಸಬ್ಯಾಡ್ರಿ. ಒಂದು ಪಿಒಇ ಸ್ವಿಚ್ ತಂದರ ಕೇಬಲ್ಲಿನಾಗೇ ಕರೆಂಟ್ ಹೋಗ್ತೈತಿ, ಆಫೀಸಿನ ಒಂದೇ ಯುಪಿಎಸ್ ಮೂರನ್ನೂ ಹಿಡೀತೈತಿ. ಇನ್ವರ್ಟರ್ ಬದಲಾಗೋ ಆ ಅರೆಕ್ಷಣದಾಗೇ ಎಷ್ಟೋ ರೌಟರ್ ರೀಸ್ಟಾರ್ಟ್ ಆಗ್ತಾವ. ಕಾಟಾ ತುದಿಯ ಕನ್ವರ್ಟರಿಗೆ ಒಂದು ಸಣ್ಣ ಡಿಸಿ ಯುಪಿಎಸ್ ಇಡ್ರಿ, ವೋಲ್ಟೇಜ್ ನೋಡಿ: ಕೆಲವು 5, ಕೆಲವು 12.

ಜೀನ್ಸ್ ಯೂನಿಟ್, ಬಳ್ಳಾರಿ

ಸಿಂಧನೂರು ಅಣ್ಣ ಹೇಳಿದ್ದರಲ್ಲಿ ಮೆಷ್ ಬಗ್ಗೆ ಒಂದು ಮಾತು ಸೇರಿಸ್ತೀನಿ. ನಮ್ಮ ಹೊಲಿಗೆ ಯೂನಿಟ್ಟಲ್ಲಿ ಮೆಷ್ ಸೆಟ್ಟೇ ಐತೆ, ಚೆನ್ನಾಗೇ ನಡೀತೈತೆ, ಆದ್ರೆ ಮೂರೂ ಪೀಸಿಗೆ ಕೇಬಲ್ ಹಾಕ್ಸಿದೀವಿ. ವೈರಿನ ಮೇಲೆ ಕೂತ್ರೆ ಮೆಷ್ ಕೂಡ ಆಕ್ಸೆಸ್ ಪಾಯಿಂಟೇ. ಗಾಳಿಯಲ್ಲಿ ಬಿಟ್ರೆ ಎಷ್ಟೋ ಸೆಟ್ಟುಗಳು ಕೇಳಿಸಿಕೊಳ್ಳೋದಕ್ಕೂ ದಾಟಿಸೋದಕ್ಕೂ ಅದೇ ಚಾನೆಲ್ ಹಂಚ್ಕೋಬೇಕು, ವೇಗ ಅರ್ಧಕ್ಕೆ ಬೀಳುತ್ತೆ. ನಿಮ್ಮ ರಿಪೀಟರ್ ಕಥೆಯೂ ಅದೇ.

ಕೇಬಲ್ ತಗೊಳ್ಳುವಾಗ ಹುಷಾರು. ಕ್ಯಾಟ್6 ಅಂತ ಅಚ್ಚು ಹಾಕಿ ಒಳಗೆ ತಾಮ್ರ ಬಳಿದ ಅಲ್ಯೂಮಿನಿಯಂ ಇರೋ ಮಾಲು ಮಾರ್ಕೆಟ್ಟಲ್ಲಿ ಬರುತ್ತೆ. ಅಂಗಡಿಯಲ್ಲೇ ಒಂದು ತುಂಡು ಕತ್ತರಿಸಿ, ಎಳೆಯನ್ನ ಬ್ಲೇಡಿನಿಂದ ಹೆರೆದು ನೋಡಿ. ಒಳಗೂ ಕೆಂಪಿದ್ರೆ ತಾಮ್ರ, ಬೆಳ್ಳಗೆ ಕಂಡ್ರೆ ಬಿಟ್ಟು ಬನ್ನಿ. ಪಿಒಇ ಕರೆಂಟು ಅದರಲ್ಲಿ ಹರಿದ್ರೆ ಕೇಬಲ್ ಬಿಸಿಯಾಗುತ್ತೆ, ದೂರದ ಆಕ್ಸೆಸ್ ಪಾಯಿಂಟಿಗೆ ವೋಲ್ಟೇಜ್ ಸಾಲಲ್ಲ.

ಭತ್ತದ ಕಣಜ, ಗಂಗಾವತಿ

ಇಬ್ಬರಿಗೂ ಭಾಳ ಉಪಕಾರ ಆತ್ರಿ. ಮಾವನಿಗೆ ಓದಿ ಹೇಳಿದೆ, ಫೈಬರಿಗೆ ಒಪ್ಪಿದ್ರು. ಇನ್ನೆರಡು ಕೇಳೋದೈತಿ. ಸಿಸಿ ಕ್ಯಾಮೆರಾ ಆರು ಅದಾವ, ಅವನ್ನೂ ಇದರಾಗೇ ಸೇರಿಸಬಹುದಾ? ಹಳೇ ವೈಫೈ ರೌಟರ್ ಒಂದು ಸುಮ್ನೆ ಬಿದ್ದೈತಿ, ಮೇಲಿನ ಮಹಡಿಗೆ ಅದನ್ನೇ ಆಕ್ಸೆಸ್ ಪಾಯಿಂಟ್ ಮಾಡಿದರ ಒಂದರ ರೊಕ್ಕ ಉಳೀತೈತಿ.

ವೈರಿಂಗ್ ಕೆಲಸ, ಸಿಂಧನೂರು

ಹಳೇ ರೌಟರ್ ನಡೀತೈತಿ. ಅದರ ಡಿಎಚ್‌ಸಿಪಿ ಬಂದ್ ಮಾಡ್ರಿ, ಐಪಿ ಬದಲಿಸ್ರಿ, ಕೇಬಲ್ಲನ್ನ ವ್ಯಾನ್ ಪೋರ್ಟಿಗೆ ಬಿಟ್ಟು ಲ್ಯಾನ್ ಪೋರ್ಟಿಗೆ ಹಾಕ್ರಿ. ಡಿಎಚ್‌ಸಿಪಿ ಚಾಲೂ ಉಳಿದರ ಎರಡು ರೌಟರ್ ವಿಳಾಸ ಹಂಚಾಕ ನಿಂತು ಪೂರಾ ಮಿಲ್ಲಿನ ನೆಟ್ ಹೋಗ್ತೈತಿ. ಅದಕ್ಕೆ ಕಂಪನಿಯಿಂದ ಅಪ್‌ಡೇಟ್ ಬರೋದು ನಿಂತಿದ್ದರ ಮಾತ್ರ ಬ್ಯಾಡ, ಲೆಕ್ಕಪತ್ರ ಇರೋ ಜಾಗ ಅದು.

ಕ್ಯಾಮೆರಾ ಸೇರಿಸ್ರಿ, ಆದ್ರ ಬೇರೆ ವಿಲ್ಯಾನ್ ಮಾಡಿ. ಕಾಟಾ ಮತ್ತು ಟ್ಯಾಲಿ ಒಂದು, ಕ್ಯಾಮೆರಾ ಒಂದು, ಡ್ರೈವರ್ ದಲ್ಲಾಳಿಗಳು ಕೇಳೋ ವೈಫೈ ಇನ್ನೊಂದು. ಬಂದವರಿಗೆಲ್ಲಾ ಆಫೀಸಿನ ಪಾಸ್‌ವರ್ಡ್ ಕೊಡೋ ಪದ್ಧತಿ ಇದ್ದರ ನಿಲ್ಲಿಸ್ರಿ. ಇದಕ್ಕೆ ಸ್ವಿಚ್ ವಿಲ್ಯಾನ್ ಮಾಡೋ ಮಾಡೆಲ್ ಆಗಿರಬೇಕು, ಬರೀ ಪಿಒಇ ಅಂತ ಬರೆದಿದ್ದರ ಸಾಲಂಗಿಲ್ಲ.

ಫೈಬರ್ ಸ್ಪ್ಲೈಸ್ ಮಾಡೋರು (ಎಳೆ ಬೆಸೆಯೋರು) ಬಂದಾಗ ನೀವು ಹತ್ರ ನಿಂದ್ರಿ. ಎರಡೂ ತುದಿಗೆ ಐದೈದು ಮೀಟರ್ ಹೆಚ್ಚುವರಿ ಸುತ್ತಿ ಇಡಿಸ್ರಿ, ನಾಲ್ಕೂ ಕೋರ್ ಸ್ಪ್ಲೈಸ್ ಮಾಡಿಸ್ರಿ, ಒಂದೊಂದರ ಪವರ್ ಮೀಟರ್ ರೀಡಿಂಗ್ ಕೇಬಲ್ ಟ್ಯಾಗಿನ ಮೇಲೆ ಬರೆಸ್ರಿ. ಮುಂದೆ ಕಾಟಾ ಕಡೆ ಲೈನ್ ಹೋದಾಗ ಕೇಬಲ್ಲಿಂದೋ ಕನ್ವರ್ಟರಿಂದೋ ಅಂತ ಆ ನಂಬರ್ ನೋಡಿನೇ ಗೊತ್ತಾಗೋದು. ರೂಟ್ ಅಗೆಯೋಕಿಂತ ಮೊದಲು ಒಂದು ನಕ್ಷಾ ಬರೆದು ಇಲ್ಲಿ ಹಾಕ್ರಿ, ಲಾರಿ ತಿರುಗೋ ಜಾಗದಾಗ ಪೈಪ್ ಬರಬಾರದು.